ಹೆಡ್ ಸಿಸ್ಟರ್ ಮುಖ

ಮಾರ್ಚ್ ೩

ಬದುಕಿರುವವರ ಚಿತ್ರ ಬರೆಯುವುದು ನನ್ನ ಕಸುಬಲ್ಲ. ಬಾಗಿಲಿಗೆ ಹೀಗೊಂದು ಬೋರ್ಡು ಹಾಕಿಸಿದ್ದರೆ ಇವತ್ತಿನ ತಲೆನೋವು ತಪ್ಪುತ್ತಿತ್ತು. ಸತ್ತವರು ನನಗೆ ಒಗ್ಗಿದ ಗಿರಾಕಿಗಳು. ಅಲ್ಲಾಡುವುದಿಲ್ಲ, ಆಕಳಿಸುವುದಿಲ್ಲ, ಎದ್ದು ಬಂದು ಮೂಗು ದಪ್ಪವಾಯಿತು ಅನ್ನುವುದಿಲ್ಲ. ಹಾಗೆ ಅನ್ನುವವರು ಅವರ ಮಕ್ಕಳು. ಮಕ್ಕಳ ಬಾಯಿ ಮುಚ್ಚಿಸುವ ವಿದ್ಯೆ ನನಗೆ ಚೆನ್ನಾಗಿ ಗೊತ್ತು: “ಹೌದಾ, ನಿಮ್ಮ ಮೂಗೂ ಹಾಗೇ ಇದೆಯಲ್ಲ” ಅಂದರೆ ಸಾಕು.

ಬೆಳಿಗ್ಗೆ ದೊಡ್ಡಾಸ್ಪತ್ರೆಯಿಂದ ಇಬ್ಬರು ನರ್ಸುಗಳು ಬಂದಿದ್ದರು. ಅವರ ಹೆಡ್ ಸಿಸ್ಟರ್ ಈ ಬೇಸಿಗೆಗೆ ನಿವೃತ್ತರಾಗುತ್ತಾರಂತೆ. ನರ್ಸುಗಳೆಲ್ಲ ಕೈಯಿಂದ ದುಡ್ಡು ಹಾಕಿ ಅವರದೊಂದು ಆಯಿಲ್ ಪೇಂಟಿಂಗ್ ಮಾಡಿಸಿ, ಆಸ್ಪತ್ರೆಯ ಮುಂದಿನ ಹಾಲಿನ ಗೋಡೆಗೆ ಹಾಕುತ್ತಾರಂತೆ. ಫೋಟೋ ಕೊಟ್ಟು ಹೋಗಿ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

“ಫೋಟೋ ಇಲ್ಲ ಮೇಡಂ. ಅವರು ತೆಗೆಸಿಕೊಳ್ಳಲ್ಲ. ಬಂದು ಕೂತ್ಕೋತಾರಂತೆ.”

“ಎಲ್ಲಿ ಕೂತ್ಕೋತಾರೆ?”

“ಇಲ್ಲೇ. ನಿಮ್ಮ ಮುಂದೆ.”

ಆಗಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ತಮ್ಮ ಮೆಟ್ಟಿಲೇರಿ ಬಂದುಬಿಟ್ಟ. ಅವನ ಫ್ರೇಮ್ ಅಂಗಡಿ ಕೆಳಗೆ, ನನ್ನ ಕೋಣೆ ಮೇಲೆ. ಮೇಲೆ ನಾನು ಯಾರಿಗಾದರೂ ಇಲ್ಲ ಅಂದರೆ ಕೆಳಗೆ ಅವನಿಗೆ ನೆಗಡಿಯಾಗುತ್ತದೆ. “ಬರಲಿ ಬರಲಿ, ಧಾರಾಳವಾಗಿ ಬರಲಿ” ಅಂತ ನನ್ನ ಪರವಾಗಿ ಒಪ್ಪಿಕೊಂಡ. ಅವರು ಹೋದ ಮೇಲೆ ಒಳಗುಟ್ಟು ಬಿಚ್ಚಿದ. ಆಸ್ಪತ್ರೆಯವರು ಹೊಸ ಹಾಲು ಕಟ್ಟಿಸಿದ್ದಾರೆ. ಆಸ್ಪತ್ರೆ ಕಟ್ಟಿದವರು, ದಾನ ಕೊಟ್ಟವರು, ಹಳೇ ಡಾಕ್ಟರುಗಳು, ಎಲ್ಲರ ಚಿತ್ರವೂ ಗೋಡೆ ತುಂಬ ಬರಬೇಕಂತೆ.

“ಎಲ್ಲರೂ ಸತ್ತವರೇ ಅಕ್ಕಾ” ಅಂದ, ಮಗುವಿಗೆ ಆಸೆ ತೋರಿಸುವ ಹಾಗೆ. “ಇವರೊಬ್ಬರನ್ನ ಸಹಿಸಿಕೋ.”

ಮಾರ್ಚ್ ೭

ಬಂದರು. ಡ್ಯೂಟಿ ಮುಗಿಸಿ, ಯೂನಿಫಾರಂನಲ್ಲೇ. ಕುರ್ಚಿಯನ್ನು ತಾವೇ ಕಿಟಕಿಯ ಕಡೆ ತಿರುಗಿಸಿದರು, ಕಾಲು ಗಟ್ಟಿಯಿದೆಯೇ ಎಂದು ಅಲ್ಲಾಡಿಸಿ ನೋಡಿದರು, ಕೂತರು. ಆಗ ಮುಖ ಬೆಳಕಿಗೆ ಬಂತು. ಎಡಗೆನ್ನೆ ಜೋತುಬಿದ್ದಿದೆ. ಬಾಯಿ ಬಲಕ್ಕೆ ಎಳೆದುಕೊಂಡಿದೆ. ಎಡಗಣ್ಣು ಪೂರ್ತಿ ಮುಚ್ಚುವುದಿಲ್ಲ.

“ನೋಡಿ ಮುಗಿಸಿಬಿಡಿ. ಕದ್ದು ನೋಡೋರನ್ನ ಕಂಡರೆ ನನಗಾಗಲ್ಲ. ಮುಖದ ನರ ಹೋಗಿದೆ, ಹಳೇ ಕಥೆ. ವಾರ್ಡಲ್ಲಿ ಟೀ ಕುಡೀತಿದ್ದೆ, ಟೀ ಗಲ್ಲದ ಮೇಲೆ ಇಳೀತು. ಲೋಟ ತೂತಾಗಿದೆ ಅಂತ ಲೋಟ ಬದಲಾಯಿಸಿದೆ.”

ನಗಬೇಕೋ ಬೇಡವೋ ತಿಳಿಯದೆ ಬ್ರಷ್ ಒರೆಸುತ್ತ ನಿಂತೆ.

“ನಗಿ ಪೇಂಟರಮ್ಮ. ನನಗೆ ಬರೋದು ಅರ್ಧ ನಗು, ಉಳಿದರ್ಧ ನೀವು ಹಾಕಿಕೊಳ್ಳಿ.”

ನಕ್ಕೆ. ಆದರೂ ಹೆಂಗಸು ಸುಲಭದವರಲ್ಲ. ಕೂತಲ್ಲಿಂದಲೇ ನನ್ನ ಕೋಣೆಯ ವಿಚಾರಣೆ ನಡೆಸಿದರು. ಈ ವಾಸನೆ ಏನು? ಟರ್ಪೆಂಟೈನ್. ಕಿಟಕಿ ಯಾಕೆ ಮುಚ್ಚಿದ್ದೀರಿ? ಧೂಳು ಬರುತ್ತೆ. ಕೆಮ್ಮು ಎಷ್ಟು ದಿನದಿಂದ? ನನಗೆ ಕೆಮ್ಮಿಲ್ಲ ಅಂದೆ, ಅದೇ ಹೊತ್ತಿಗೆ ಕೆಮ್ಮು ಬಂತು. ಎದ್ದು ಹೋಗಿ ಕಿಟಕಿ ತೆರೆದು ಬಂದು ಕೂತರು. ಬೆಳಕೆಲ್ಲ ಬದಲಾಯಿತು. ಸತ್ತವರು ಯಾರೂ ಇವತ್ತಿನವರೆಗೆ ನನ್ನ ಕಿಟಕಿ ತೆರೆದಿಲ್ಲ.

ಹೊರಡುವಾಗ ಸುತ್ತಿ ಬಂದು ಕ್ಯಾನ್ವಾಸ್ ನೋಡಿದರು.

“ಇದು ಯಾರು?”

ನಾನೂ ನೋಡಿದೆ. ಬಾಯಿ ನೆಟ್ಟಗಿತ್ತು. ಕೆನ್ನೆ ಎರಡೂ ಸಮ. ನಾನು ಬೇಕೆಂದು ಮಾಡಿದ್ದಲ್ಲ, ಕೈ ಅದರ ಪಾಡಿಗೆ ಅದು ಮಾಡಿಟ್ಟಿದೆ. ಅಷ್ಟು ಹೊತ್ತು ಅವರ ಬಾಯನ್ನೇ ನೋಡುತ್ತಿದ್ದೆ, ಬರೆದದ್ದು ಮಾತ್ರ ಬೇರೆ ಯಾರದೋ ಬಾಯಿ.

“ನಮ್ಮ ತಂಗಿ ಹೀಗಿದ್ದಾಳೆ” ಅಂದರು. “ಅವಳನ್ನ ಕರೆಸಬೇಕಾದರೆ ಹೇಳಿ.”

ಮಾರ್ಚ್ ೮

ಚೂರಿಯಲ್ಲಿ ಬಾಯಿ ಕೆರೆದು ತೆಗೆದೆ. ಹಸಿ ಇರುವಾಗ ಆಯಿಲ್ ಬಣ್ಣ ಒಳ್ಳೆಯದು, ಬೆಣ್ಣೆಯ ಹಾಗೆ ಬಂದುಬಿಡುತ್ತದೆ. ಬಾಯಿಯಿಲ್ಲದ ಹೆಡ್ ಸಿಸ್ಟರ್ ಕೋಣೆಯಲ್ಲಿ ನಿಂತಿದ್ದಾರೆ. ಇಷ್ಟು ನಿಶ್ಶಬ್ದವಾಗಿ ಅವರು ಹುಟ್ಟಿದಾಗಿನಿಂದ ಇದ್ದಿರಲಿಕ್ಕಿಲ್ಲ.

ಮಾರ್ಚ್ ೧೪

ಮತ್ತೆ ಅದೇ. ಇವತ್ತು ಹುಷಾರಾಗಿ, ಬಾಯಿಯ ತುದಿ ಎಲ್ಲಿಗೆ ಏರುತ್ತದೆ ಎಂದು ಗುರುತು ಹಾಕಿಕೊಂಡೇ ಶುರುಮಾಡಿದೆ. ಮುಗಿಸುವ ಹೊತ್ತಿಗೆ ಅದು ಮೆತ್ತಗೆ ಇಳಿದು ನಡುವಿಗೆ ಬಂದು ಕೂತಿತ್ತು. ನನ್ನ ಕೈ ನನ್ನ ಮಾತು ಕೇಳುತ್ತಿಲ್ಲ. ಕೇಳುವುದಾದರೂ ಹೇಗೆ? ಜೀವಮಾನವಿಡೀ ಅದಕ್ಕೆ ಕಲಿಸಿದ್ದೇ ಇದನ್ನು.

ಹುಡುಗಿಯಾಗಿದ್ದಾಗ ಫೋಟೋ ಸ್ಟುಡಿಯೋದಲ್ಲಿ ಕಪ್ಪುಬಿಳುಪು ಫೋಟೋಗಳಿಗೆ ಬಣ್ಣ ಹಚ್ಚುತ್ತಿದ್ದೆ. ಮಾಲೀಕ ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, “ಏ ಗುಲಾಬಿ ಕೆನ್ನೆ, ಇದನ್ನ ಮುಗಿಸು” ಅನ್ನುತ್ತಿದ್ದ. ಬಣ್ಣದ ಫಿಲ್ಮು ಬಂದು ಆ ಕೆಲಸ ಮುಳುಗಿತು. ಯಾರೂ ಕಲಿಸದೆ, ಕೆಟ್ಟು ಕೆಟ್ಟು ಆಯಿಲ್ ಕಲಿತೆ. ಪಾಸ್‌ಪೋರ್ಟ್ ಸೈಜಿನ ಮಸುಕು ಫೋಟೋ ಕೊಟ್ಟರೆ ಗೋಡೆಗಾತ್ರದ ಯಜಮಾನನನ್ನು ಎಬ್ಬಿಸಿಕೊಡುತ್ತೇನೆ. ಸತ್ತವರಿಗೆ ಹಲ್ಲು ಕಟ್ಟಿಸಿದ್ದೇನೆ, ಕೂದಲು ಬರಿಸಿದ್ದೇನೆ, ಬದುಕಿದ್ದಾಗ ಕೋಟು ಕಾಣದವರಿಗೆ ಕೋಟು ಹೊಲಿಸಿದ್ದೇನೆ. ಒಬ್ಬ ಕಲಾಶಾಲೆಯ ಮೇಷ್ಟ್ರು ನನ್ನ ಕೆಲಸ ನೋಡಿ “ಇದು ಕಲೆಯಲ್ಲಮ್ಮ, ರಿಪೇರಿ” ಅಂದಿದ್ದರು. “ಇರಲಿ ಸಾರ್, ನಿಮ್ಮ ಕಲೆ ಕೆಟ್ಟುಹೋದಾಗ ತನ್ನಿ” ಅಂದಿದ್ದೆ. ಈಗಲೂ ಆ ಮಾತಿಗೆ ನಾನು ಬದ್ಧಳು. ರಿಪೇರಿಯಲ್ಲಿ ಅವಮಾನವೇನಿದೆ?

ಹೆಡ್ ಸಿಸ್ಟರನ್ನು ಕೇಳಿಯೇಬಿಟ್ಟೆ, ಫೋಟೋ ಯಾಕೆ ಬೇಡ ಅಂತ.

“ಫೋಟೋದವರು ಎಲ್ಲರೂ ಒಂದೇ ಮಾತು ಹೇಳ್ತಾರೆ. ಸಿಸ್ಟರ್, ಸ್ವಲ್ಪ ಈ ಕಡೆ ತಿರುಗಿ. ತಿರುಗಿ ತಿರುಗಿ ಕೊನೆಗೆ ಬರೀ ಕಿವಿ ಬರುತ್ತೆ. ಕಿವಿಗೆ ಸನ್ಮಾನ ಮಾಡ್ತಾರಾ?”

ಮಾರ್ಚ್ ೨೮

ಇವತ್ತು ಗುಲಾಬಿ ತೆಗೆಯಲೇ ಇಲ್ಲ. ಬಿಳಿ, ಕೆಂಪು, ಚೂರು ಹಳದಿ ಸೇರಿಸಿ ನಾನು ಕಲಸುವ ಚರ್ಮದ ಬಣ್ಣ ಒಂದಿದೆ. ಸತ್ತ ಯಾವ ಗಂಡಸಿಗಾದರೂ ಸರಿಹೋಗುತ್ತದೆ. ಇವರ ಮುಖದ ಪಕ್ಕ ಅದನ್ನು ಹಿಡಿದರೆ ಗೊಂಬೆ ಅಂಗಡಿಯ ಬಣ್ಣದ ಹಾಗೆ ಕಾಣುತ್ತದೆ. ಇವರ ಎಡಗೆನ್ನೆಯ ನೆರಳಿನಲ್ಲಿ ಹಸಿರಿದೆ. ನಿಜವಾಗಿಯೂ ಹಸಿರು. ಬಲಗೆನ್ನೆ ಮಾತಾಡುವಾಗ ಕಂದು ಕೆಂಪಾಗುತ್ತದೆ, ಸುಮ್ಮನಾದಾಗ ಆರುತ್ತದೆ. ಒಂದೇ ಮುಖದಲ್ಲಿ ಒಂದು ಕಡೆ ಗಾಳಿ, ಒಂದು ಕಡೆ ನಿಂತ ನೀರು.

ಕೈಯನ್ನು ಮೋಸಗೊಳಿಸಲು ಒಂದು ಉಪಾಯ ಹೂಡಿದೆ. ಬಾಯಿ ಬರೆಯುವ ಹೊತ್ತಿಗೆ ಕ್ಯಾನ್ವಾಸನ್ನು ತಲೆಕೆಳಗು ಮಾಡಿದೆ. ತಲೆಕೆಳಗಾದ ಬಾಯಿ ಬಾಯಿಯಲ್ಲ, ಬರೀ ಒಂದು ಗೆರೆ, ಒಂದು ನೆರಳು. ಕೈಗೆ ಅದನ್ನು ನೆಟ್ಟಗೆ ಮಾಡಬೇಕೆಂದು ಹೊಳೆಯಲಿಲ್ಲ. ತಿರುಗಿಸಿ ನಿಲ್ಲಿಸಿದಾಗ ಅವರು ಅಲ್ಲಿದ್ದರು.

ಸಿಸ್ಟರ್ ಎದ್ದು ಬಂದು ನೋಡಿದರು. ಆಮೇಲೆ, “ಹೂಂ, ಇವಳನ್ನ ನಾನು ನೋಡಿದ್ದೀನಿ. ಬೆಳಿಗ್ಗೆ ಹಲ್ಲುಜ್ಜುವಾಗ ಸಿಗ್ತಾಳೆ” ಅಂದರು.

ಏಪ್ರಿಲ್ ೪

ಬರಲಿಲ್ಲ. ವಾರ್ಡಿನಲ್ಲಿ ಏನೋ ತುರ್ತಂತೆ. ಸದ್ಯ, ನೆಮ್ಮದಿ.

ಹಳೇ ಕೆಲಸವೊಂದನ್ನು ಮುಗಿಸೋಣವೆಂದು ಒಬ್ಬ ವಕೀಲರ ಫೋಟೋ ಎದುರಿಗಿಟ್ಟುಕೊಂಡೆ. ಎರಡು ವರ್ಷದ ಹಿಂದೆ ತೀರಿಕೊಂಡವರು. ಒಳ್ಳೆಯವರೇ ಇರಬಹುದು. ಮಾತಿಲ್ಲ ಕತೆಯಿಲ್ಲ. ಟೀ ಎರಡು ಲೋಟಕ್ಕೆ ಬಗ್ಗಿಸಿಬಿಟ್ಟಿದ್ದೆ, ಎರಡನ್ನೂ ನಾನೇ ಕುಡಿದೆ. ಸೆಖೆ. ಕಿಟಕಿ ತೆರೆದೇ ಇಟ್ಟಿದ್ದೇನೆ.

ಏಪ್ರಿಲ್ ೧೮

ಮುಗಿಯಿತು. ಬೇಗ ಒಣಗುವ ಎಣ್ಣೆ ಬೆರೆಸಿ ತೆಳುವಾಗಿ ಬರೆದದ್ದರಿಂದ ಮೇ ಹೊತ್ತಿಗೆ ಮುಟ್ಟಬಹುದು. ತಮ್ಮ ಫ್ರೇಮಿನ ಅಳತೆ ತೆಗೆದುಕೊಳ್ಳಲು ಬಂದವನು ಟೇಪು ಹಿಡಿದುಕೊಂಡೇ ನಿಂತುಬಿಟ್ಟ.

“ಏನೋ?”

“ಏನಿಲ್ಲ. ಇವರು ನನ್ನನ್ನ ಏನೋ ಕೇಳ್ತಿದ್ದಾರೆ ಅನ್ನಿಸ್ತು.”

ಮೇ ೬

ಆಸ್ಪತ್ರೆಯ ಆಡಳಿತಾಧಿಕಾರಿ ಚಿತ್ರ ನೋಡಲು ಬಂದಿದ್ದರು. ಹೊಸಬರು, ಮೃದು ಮಾತಿನವರು, ಇಸ್ತ್ರಿ ಮಾಡಿದಂಥ ಮನುಷ್ಯ. ಮೊದಲು ಹೊಗಳಿದರು. ಹೊಗಳಿಕೆ ಉದ್ದವಾದಷ್ಟೂ ಹಿಂದೆ ಬರುವ ‘ಆದರೆ’ ದಪ್ಪ ಎಂದು ನನಗೆ ಗೊತ್ತು. ಬಂತು.

“ಆದರೆ ಮೇಡಂ, ಬಾಗಿಲಲ್ಲಿ ಕಾಲಿಟ್ಟ ತಕ್ಷಣ ರೋಗಿಗಳಿಗೆ ಕಾಣೋ ಮುಖ ಇದು. ಅವರಿಗೆ ಧೈರ್ಯ ಬರಬೇಕು. ಇದನ್ನ ನೋಡಿದರೆ, ಇಲ್ಲಿ ಕೆಲಸ ಮಾಡೋರಿಗೇ ವಾಸಿಯಾಗಿಲ್ಲ, ನಮ್ಮ ಗತಿ ಏನು ಅಂದುಕೊಳ್ತಾರೆ. ಬಾಯಿ ಹತ್ತಿರ ಸ್ವಲ್ಪ ಸರಿಮಾಡಿ. ನಿಮಗದೇನು ದೊಡ್ಡದಲ್ಲ. ಅದೇ ನಿಮ್ಮ ಹೆಚ್ಚುಗಾರಿಕೆ ಅಂತ ಎಲ್ಲರೂ ಹೇಳ್ತಾರೆ.”

“ಅವರ ಮುಖ ಹಾಗೇ ಇದೆಯಲ್ಲ ಸಾರ್.”

“ಅವರಿಗೆ ಮೊದಲು ಹಾಗಿರಲಿಲ್ಲವಲ್ಲ.”

ಬಾಯಿ ಸರಿಯಾದರೆ ಹಾಲಿನ ಉಳಿದ ಗೋಡೆಗಳ ಕೆಲಸವೆಲ್ಲ ನಮಗೇ, ಚಿತ್ರ ನನಗೆ, ಫ್ರೇಮು ತಮ್ಮನಿಗೆ. ಇಲ್ಲದಿದ್ದರೆ ಈ ಚಿತ್ರವೂ ಹಾಲಿಗೆ ಬರುವುದಿಲ್ಲ. ಇಷ್ಟನ್ನೂ ಧ್ವನಿ ಏರಿಸದೆ ಹೇಳಿದರು. ಹೋಗುವಾಗ ನಮಸ್ಕಾರವನ್ನೂ ಮರೆಯಲಿಲ್ಲ.

ಮೇ ೭

ಇಡೀ ದಿನ ತಮ್ಮನ ಭಾಷಣ.

“ಅಕ್ಕಾ, ಬಾಯಿ ಅನ್ನೋದು ಎಷ್ಟಿರುತ್ತೆ? ನನ್ನ ಬೆರಳಷ್ಟು. ಅಷ್ಟಕ್ಕೆ ಒಂದು ಹಾಲೇ ಕಳಕೊಳ್ತೀಯಾ?”

“ನೀನು ಫ್ರೇಮ್ ಮಾಡುವಾಗ ಒಂದು ಮೂಲೆ ಸೊಟ್ಟ ಬಂದರೆ ಬಿಡ್ತೀಯಾ?”

“ಬಿಡಲ್ಲ. ಸರಿಮಾಡ್ತೀನಿ. ಅದನ್ನೇ ನಾನೂ ಹೇಳ್ತಿರೋದು!”

ವಾದ ಮಾಡುವಾಗ ಉದಾಹರಣೆ ನೋಡಿ ಆರಿಸಿಕೊಳ್ಳಬೇಕು.

ಅವನು ಸುಮ್ಮನೆ ಹೇಳುತ್ತಿಲ್ಲ. ಈಗ ಫ್ರೇಮ್‌ಗಳು ಕಾರ್ಖಾನೆಯಿಂದ ತಯಾರಾಗಿ ಬರುತ್ತವೆ. ಅವನ ಅಂಗಡಿಗೆ ಕನ್ನಡಿ ಒಡೆದವರು ಬಿಟ್ಟರೆ ಯಾರೂ ಬರುವುದಿಲ್ಲ. ನನಗೂ ಅಷ್ಟೇ, ಸತ್ತವರ ಫೋಟೋವನ್ನು ಕಂಪ್ಯೂಟರಿನಲ್ಲೇ ಕೋಟು ಹಾಕಿಸಿ ಕೊಡುವವರು ರಸ್ತೆಗೊಬ್ಬರಿದ್ದಾರೆ. ಆ ಹಾಲು ಕೈತಪ್ಪಿದರೆ ನಾವಿಬ್ಬರೂ ಎದುರುಬದುರು ಕೂತು ಒಬ್ಬರ ಮುಖ ಒಬ್ಬರು ನೋಡುವುದೇ.

ಮೇ ೧೦

ಉಪಾಯ ಸಿಕ್ಕಿತು. ನನ್ನ ಬೆನ್ನು ನಾನೇ ತಟ್ಟಿಕೊಳ್ಳಬೇಕು.

ಚಿತ್ರ ಒಣಗಿದೆ. ಮೇಲೆ ತೆಳುವಾಗಿ ವಾರ್ನಿಷ್ ಹೊಡೆದೆ. ಅದು ಆರಿದ ಮೇಲೆ, ಶಾಲೆ ಮಕ್ಕಳು ಬಳಸುವ ಪೋಸ್ಟರ್ ಕಲರ್‌ಗೆ ಹಿಡಿದುಕೊಳ್ಳಲೆಂದು ಚೂರು ಸೋಪು ಬೆರೆಸಿ, ಆ ವಾರ್ನಿಷ್ ಮೇಲೆ ನೆಟ್ಟಗಿನ ಬಾಯಿ ಬರೆದೆ. ಕೆನ್ನೆ, ಕಣ್ಣುಗಳನ್ನೂ ಸಮ ಮಾಡಿದೆ. ದೂರದಿಂದ ಯಾರಿಗೂ ಗೊತ್ತಾಗುವುದಿಲ್ಲ. ಅದು ನೀರಿನ ಬಣ್ಣ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಕೆಳಗಿನ ಆಯಿಲ್‌ಗೆ ಏನೂ ಆಗುವುದಿಲ್ಲ. ಸಮಾರಂಭ ಮುಗಿಯಲಿ, ಹಾಲಿನ ಕೆಲಸ ಕೈಗೆ ಬರಲಿ, ಒಂದು ದಿನ ಧೂಳು ಒರೆಸುವ ನೆಪದಲ್ಲಿ ಹೋಗಿ ಒರೆಸಿ ಬರುವುದು.

ತಮ್ಮನಿಗೆ ಹೇಳಿದೆ. “ಅಕ್ಕಾ, ನೀನು ರಾಜಕೀಯಕ್ಕೆ ಹೋಗಬೇಕಿತ್ತು” ಅಂದ. ಕೆಳಗಿಳಿದು ಹೋಗುವಾಗ ಸಿಳ್ಳೆ ಹೊಡೆಯುತ್ತಿದ್ದ.

ಮೇ ೧೨

ಸಿಸ್ಟರ್ ಬಂದಿದ್ದರು. ಕೂರುವ ಕೆಲಸ ಮುಗಿದಿದೆ, ಆದರೂ ಡ್ಯೂಟಿ ಮುಗಿಸಿ ಹೋಗುವಾಗ ಬರುತ್ತಾರೆ, ನನ್ನ ಕೆಮ್ಮು ವಿಚಾರಿಸಲು. ಉಪಾಯ ಹೇಳಿದೆ. ಹೊಟ್ಟೆ ತುಂಬ ನಗುತ್ತಾರೆ ಎಂದುಕೊಂಡಿದ್ದೆ.

ನಗಲಿಲ್ಲ. ಚಿತ್ರದ ಮುಂದೆ ನಿಂತು ನೆಟ್ಟಗಿನ ಬಾಯನ್ನು ನೋಡಿದರು.

“ಎಷ್ಟು ದಿನ ಇರುತ್ತೆ ಇದು?”

“ಕೆಲವೇ ದಿನ ಸಿಸ್ಟರ್. ಹಾಲಿನ ಕೆಲಸಕ್ಕೆ ಸಹಿ ಆಗೋವರೆಗೆ.”

“ಅಂದರೆ ನಾನು ನಿವೃತ್ತಿ ಆಗೋ ದಿನ, ನನ್ನ ಹುಡುಗಿಯರೆಲ್ಲ ಬಂದು ಕೂತಿರೋ ದಿನ, ಅಲ್ಲಿ ನಾನಿರಲ್ಲ.”

“ಕೆಳಗಡೆ ಇರ್ತೀರಲ್ಲ.”

“ಕೆಳಗಡೆ!” ಅಂದರು. “ಈ ಮುಖ ಆದ ಮೇಲೆ ನನ್ನನ್ನ ಆಫೀಸಲ್ಲಿ ಕೂರಿಸೋಕೆ ನೋಡಿದರು, ಪೇಂಟರಮ್ಮ. ಕಾಗದಪತ್ರ ನೋಡಿಕೊಳ್ಳಿ, ರೋಗಿಗಳ ಮುಂದೆ ಬೇಡ ಅಂತ. ಹೋಗಲ್ಲ ಅಂದೆ. ಇದೇ ಮುಖ ಹೊತ್ತುಕೊಂಡು ವಾರ್ಡಲ್ಲಿ ಓಡಾಡಿದೆ. ಪಾರ್ಶ್ವ ಹೊಡೆದು ಬಂದೋರು ನನ್ನನ್ನ ನೋಡಿ, ಸಿಸ್ಟರ್, ನಿಮಗೂನಾ ಅಂತ ಕೇಳಿ ಊಟ ಮಾಡ್ತಿದ್ದರು. ವಾಸಿಯಾಗದೇ ಇದ್ದರೂ ನಡೆಯುತ್ತೆ ಅಂತ ಅವರಿಗೆ ಯಾರು ಹೇಳಬೇಕು? ಆ ನೆಟ್ಟಗಿನ ಬಾಯಿ ಹೇಳುತ್ತಾ?”

ಚೀಲ ಎತ್ತಿಕೊಂಡರು. ಬಾಗಿಲಲ್ಲಿ ನಿಂತು, “ನೀವೂ ಈ ಕಡೆ ತಿರುಗಿ ಅಂದುಬಿಟ್ಟಿರಿ” ಅಂದರು.

ಅಷ್ಟು ಖಾರವಾಗಬೇಕಾಗಿರಲಿಲ್ಲ. ನಾನು ಅವರ ಒಳ್ಳೆಯದಕ್ಕೇ ಮಾಡಿದ್ದು. ಅವರಿಗೆ ಸಂಬಳ ಬಂದಿದೆ, ಪೆನ್ಷನ್ ಬರುತ್ತದೆ. ನಮಗೆ ಯಾರು ಕೊಡುತ್ತಾರೆ?

ಮೇ ೧೯

ಬರಲಿಲ್ಲ. ಕೆಮ್ಮು ಜಾಸ್ತಿಯಾಗಿದೆ.

ಮೇ ೨೪

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹಾಲು ತುಂಬಿತ್ತು. ಮುಂದಿನ ಸಾಲುಗಳಲ್ಲಿ ನರ್ಸುಗಳು. ನಡುವೆ ಹೆಡ್ ಸಿಸ್ಟರ್, ಕೊನೆಯ ಸಲ ಯೂನಿಫಾರಂನಲ್ಲಿ. ನನ್ನ ಕಡೆ ನೋಡಲಿಲ್ಲ. ಚಿತ್ರವನ್ನು ತಮ್ಮ ನಿನ್ನೆಯೇ ಗೋಡೆಗೆ ಬಿಗಿದು, ಬಟ್ಟೆ ಮುಚ್ಚಿಸಿದ್ದ. ಅದರ ಪಕ್ಕದಲ್ಲೇ ವೇದಿಕೆ. ಮುಖ್ಯ ಅತಿಥಿಗಳು ಬಟ್ಟೆ ಸರಿಸಿದರು. ಚಪ್ಪಾಳೆ ಶುರುವಾಯಿತು. ಶುರುವಾದದ್ದು ಹಿಂದಿನ ಸಾಲುಗಳಿಂದ. ಮುಂದಿನ ಸಾಲುಗಳಲ್ಲಿ ಕೈಗಳು ಮೇಲೆದ್ದವು, ಅಲ್ಲೇ ನಿಂತವು. ಹುಡುಗಿಯರು ಚಿತ್ರ ನೋಡಿದರು, ತಮ್ಮ ಸಿಸ್ಟರನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. ಮೊದಲ ದಿನ ನನ್ನ ಹತ್ತಿರ ಬಂದಿದ್ದ ನರ್ಸು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಏನೆಂದು ಕೇಳಿಸಲಿಲ್ಲ. ಕೇಳಿಸಬೇಕಾಗಿರಲಿಲ್ಲ.

ಆಡಳಿತಾಧಿಕಾರಿ ಮೈಕಿನಲ್ಲಿ, “ನಮ್ಮ ಸಿಸ್ಟರ್ ಅವರ ಈ ಆರೋಗ್ಯಕರ ಮಂದಹಾಸ” ಅಂದರು.

ಸಿಸ್ಟರ್ ತಲೆ ತಗ್ಗಿಸಿದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು.

ಕಲಾವಿದರು ಎರಡು ಮಾತಾಡಬೇಕು ಎಂದು ಕರೆದರು. ಎದ್ದು ಹೋದೆ. ಮಾತು ತಯಾರಿತ್ತು, ಧನ್ಯವಾದಗಳ ಮಾತು. ಮೈಕಿನ ಹತ್ತಿರ ಹೋಗುವ ಬದಲು ಕಾಲು ಮೇಜಿನ ಹತ್ತಿರ ಹೋಯಿತು. ಮುಖ್ಯ ಅತಿಥಿಗಳ ಮುಂದಿದ್ದ ನೀರಿನ ಲೋಟಕ್ಕೆ ನನ್ನ ಕರವಸ್ತ್ರ ಅದ್ದಿದೆ. ಅವರು, ಪಾಪ, ಆಗ ತಾನೇ ಲೋಟಕ್ಕೆ ಕೈ ಚಾಚಿದ್ದರು.

“ತಪ್ಪು ಬಾಯಿ ಬಂದುಬಿಟ್ಟಿದೆ” ಅಂದೆ. ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳಿಸಿತು. ನನ್ನ ಗಂಟಲು ಹಾಗೆ.

ಒರೆಸಿದೆ. ನೆಟ್ಟಗಿನ ಬಾಯಿ ಗುಲಾಬಿ ನೀರಾಗಿ ಇಳಿಯಿತು. ಯಾರೋ ಕಿರುಚಿದರು, ನಾನು ಚಿತ್ರ ಹಾಳು ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. ಆಡಳಿತಾಧಿಕಾರಿ “ಮೇಡಂ, ಮೇಡಂ” ಅನ್ನುತ್ತ ಹತ್ತಿರ ಬಂದರು. ಇಸ್ತ್ರಿ ಅಂಗಿಗೆ ಬಣ್ಣ ತಾಗೀತೆಂದು ತೋಳಿನಳತೆಯಲ್ಲಿ ನಿಂತರು. ಕರವಸ್ತ್ರ ಹಿಂಡಿದೆ, ಮತ್ತೆ ಅದ್ದಿದೆ, ಮತ್ತೆ ಒರೆಸಿದೆ. ಕೆಳಗಿನಿಂದ ಅವರು ಬಂದರು, ಬಲಕ್ಕೆಳೆದ ಬಾಯಿ, ಹಸಿರು ನೆರಳಿನ ಕೆನ್ನೆ, ಮುಚ್ಚದ ಕಣ್ಣು.

ಹೆಡ್ ಸಿಸ್ಟರ್ ಎದ್ದರು. ವೇದಿಕೆ ಹತ್ತಿ ನನ್ನ ಪಕ್ಕ ನಿಂತು, ರೋಗಿಯ ಕಟ್ಟು ಪರೀಕ್ಷಿಸುವ ಹಾಗೆ ಚಿತ್ರ ಪರೀಕ್ಷಿಸಿದರು.

“ಗಲ್ಲದ ಹತ್ತಿರ ಇನ್ನೂ ಚೂರು ಇದೆ. ಇಲ್ಲಿ ಕೊಡಿ.”

ಕರವಸ್ತ್ರ ಕಿತ್ತುಕೊಂಡು ಅದನ್ನು ತಾವೇ ಒರೆಸಿದರು.

ಆಗ ಮುಂದಿನ ಸಾಲುಗಳು ಚಪ್ಪಾಳೆ ಹೊಡೆದವು.

ಮೇ ೨೭

ಆಡಳಿತಾಧಿಕಾರಿಯ ಫೋನು ಬಂತು. ಹಾಲಿನ ಕೆಲಸ ಬೇರೆಯವರಿಗೆ ಹೋಯಿತು. ಸಂಸ್ಥೆಯ ಘನತೆಗೆ ಧಕ್ಕೆ ತಂದಿದ್ದೇನಂತೆ. “ಧಕ್ಕೆ ಅಲ್ಲ ಸಾರ್, ನೀರು” ಅಂದೆ. ಇಟ್ಟುಬಿಟ್ಟರು. ತಮ್ಮ ನನ್ನೊಡನೆ ಮಾತು ಬಿಟ್ಟಿದ್ದಾನೆ. ಊಟಕ್ಕೆ ಬರುತ್ತಾನೆ, ತಟ್ಟೆಯೊಡನೆ ಮಾತಾಡುತ್ತಾನೆ.

ಬಿಡಲಿ. ನಾನು ಮಾಡಿದ್ದು ಸರಿ. ನಾಳೆ ಅದೇ ಹಾಲು, ಅದೇ ಲೋಟ ಸಿಕ್ಕರೆ ಮತ್ತೆ ಮಾಡುತ್ತೇನೆ.

ಮೇ ೩೦

ಆಡಳಿತಾಧಿಕಾರಿ ತಮ್ಮನಿಗೆ ಕರೆ ಕಳಿಸಿದ್ದರು, ಚಿತ್ರ ಇಳಿಸಿಕೊಡಲು. ಬಿಗಿದವನೇ ಬಿಚ್ಚಲಿ ಅಂತ. ಹೋಗಿ ಇಳಿಸಿಕೊಟ್ಟರೆ ಮುಂದಿನ ಫ್ರೇಮುಗಳನ್ನಾದರೂ ಅವನಿಗೇ ಕೊಡುತ್ತಾರಂತೆ. ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು, ನನ್ನ ಮುಖ ನೋಡದೆ ಹೋದ. ನಾನೂ ತಡೆಯಲಿಲ್ಲ. ಅವನ ಹೊಟ್ಟೆಪಾಡು ಅವನದು. ಮಧ್ಯಾಹ್ನ ಬರಿಗೈಯಲ್ಲಿ ವಾಪಸ್ಸು ಬಂದ.

“ಎಲ್ಲಿ ಚಿತ್ರ?”

“ಸ್ಕ್ರೂ ಬರಲಿಲ್ಲ.”

“ನಿನ್ನ ಕೈಗೆ ಬರದ ಸ್ಕ್ರೂ ಯಾವುದೋ?”

“ಇದು ಬರಲಿಲ್ಲ ಅಂದ್ನಲ್ಲ” ಎಂದು ರೇಗಿದ. ನೀರು ಕುಡಿದ. “ಹಾಲಲ್ಲಿ ಒಬ್ಬ ಮುದುಕ ಕೂತಿದ್ದ. ಅವನದೂ ಬಾಯಿ ಹಾಗೇ. ಚಿತ್ರದ ಕಡೆ ಮುಖ ಮಾಡಿಕೊಂಡು ಕೂತಿದ್ದ. ನಾನು ಏಣಿ ಹಾಕಿದೆ. ಯಾಕಪ್ಪಾ ಅಂದ. ಧೂಳು ಒರೆಸೋಕೆ ಅಂದೆ. ಒರೆಸಿ ಬಂದೆ.”

“ಆಡಳಿತಾಧಿಕಾರಿ ಏನಂದರು?”

“ಗೋಡೆ ಒಡೀಬೇಕಾಗುತ್ತೆ ಸಾರ್, ಹೊಸ ಗೋಡೆ ಅಂದೆ. ಬೇರೆಯವರನ್ನ ಕರೆಸ್ತಾರಂತೆ. ಕರೆಸಲಿ. ನರ್ಸಮ್ಮಂದಿರು ಸರದಿ ಹಾಕಿಕೊಂಡು ಅದರ ಕೆಳಗೆ ಕಾವಲು ನಿಂತಿದ್ದಾರೆ.”

ಜೂನ್ ೨

ಕೆಳಗೆ ಅಂಗಡಿಗೆ ಯಾರೂ ಬರುತ್ತಿಲ್ಲ. ಮೇಲೆ ಯಾರೂ ಫೋಟೋ ತರುತ್ತಿಲ್ಲ. ತಮ್ಮ ಬಂದು ಸಿಸ್ಟರ್ ಕೂರುತ್ತಿದ್ದ ಕುರ್ಚಿಯಲ್ಲಿ ಸುಮ್ಮನೆ ಕೂತ. ಬೆಳಕು ಚೆನ್ನಾಗಿತ್ತು. ಕ್ಯಾನ್ವಾಸ್ ಎಳೆದುಕೊಂಡೆ.

“ಏನ್ ಮಾಡ್ತಿದ್ದೀಯ?”

“ಅಲ್ಲಾಡಬೇಡ.”

“ನಾನೇನು ಸತ್ತಿದ್ದೀನಾ?”

“ಅದಕ್ಕೇ ಹೇಳ್ತಿರೋದು.”

ಆಕಾರದ ಗೆರೆಗಳನ್ನು ಎಳೆದೆ. ಅವನು ಕುತ್ತಿಗೆ ಚಾಚಿ ಚಿತ್ರ ಇಣುಕಿ ನೋಡಿದ.

“ಅಕ್ಕಾ, ಹೊಟ್ಟೆ ಸ್ವಲ್ಪ ಕಮ್ಮಿ ಮಾಡೇ.”

“ಮಾಡಲ್ಲ” ಅಂದೆ.